ಚಿಮಟದ ಕೀಲು

ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಅವಳನ್ನು ಹದ್ದಕ್ಕ ಎನ್ನುತ್ತಿದ್ದರು, ಎದುರಿಗೆ ಬರೀ ಅಕ್ಕ. ಅಡ್ಡಹೆಸರು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಹದ್ದಿನ ಕಣ್ಣು ಅಂತ ತಾನೇ ಅರ್ಥ? ಆಪರೇಷನ್ನಿಗೆ ಬಳಸಿದ ಕತ್ತರಿ ಚಿಮಟಗಳೆಲ್ಲ ರಕ್ತ ಮೆತ್ತಿಕೊಂಡು ನೆಲಮಾಳಿಗೆಯ ಆ ಕೋಣೆಗೆ ಬರುತ್ತಿದ್ದವು. ಇಪ್ಪತ್ತಾರು ವರ್ಷದಿಂದ ಅವನ್ನು ತೊಳೆದು, ಒಂದೊಂದರ ಬಾಯಿ ಬಿಡಿಸಿ ನೋಡಿ, ಟ್ರೇಯಲ್ಲಿ ಜೋಡಿಸುವವಳು ಅವಳೇ. ಟ್ರೇಯನ್ನು ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಟೇಪ್ ಅಂಟಿಸಿ, ಬಿಸಿ ಆವಿಯ ಯಂತ್ರದೊಳಗೆ ಇಡುವ ಕೆಲಸ ಮಾತ್ರ ಇನ್ನೊಬ್ಬರದು. ಆ ಇನ್ನೊಬ್ಬರು ಬದಲಾಗುತ್ತಲೇ ಇದ್ದರು. ಅಕ್ಕನ ನಾಲಿಗೆಯ ಖಾರ ತಡೆದುಕೊಂಡವರು ಕಡಿಮೆ.

ಈಗಿನವಳು ಬಂದು ಎರಡು ತಿಂಗಳಾಗಿತ್ತು. ಸಣಕಲು ಮೈಯ, ಮಾತು ಕಡಿಮೆಯ ಹೆಂಗಸು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಶಾಲೆಗೆ ಹೋಗುವ ಮಗಳು. ಗಂಡ ಇಲ್ಲ. ಇವಳು ದುಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಏನು ಹೇಳಿದರೂ "ಆಯ್ತಕ್ಕ" ಎನ್ನುತ್ತಿದ್ದಳು. ಬೈದರೂ ಅಷ್ಟೇ. ಹೀಗೆ ಎದುರಾಡದೆ ತಲೆ ಆಡಿಸುವವರನ್ನು ಕಂಡರೆ ಹದ್ದಕ್ಕನಿಗೆ ಮೊದಲಿನಿಂದಲೂ ಅನುಮಾನ.

ಹೊಸಬಳು ಬಂದ ಮೊದಲ ತಿಂಗಳಲ್ಲೇ ಮೂವರು ರೋಗಿಗಳ ಹೊಲಿಗೆಯಲ್ಲಿ ಕೀವು ತುಂಬಿತು. ಒಬ್ಬ ಮುದುಕನನ್ನು ಮತ್ತೆ ಆಪರೇಷನ್ ಟೇಬಲ್ಲಿಗೆ ಏರಿಸಬೇಕಾಯಿತು. ಪರೀಕ್ಷೆಯ ವರದಿ ಬರುವಷ್ಟರಲ್ಲಿ ಇನ್ನೊಂದು ತಿಂಗಳು ಕಳೆದಿತ್ತು. ಅದನ್ನು ಹಿಡಿದುಕೊಂಡು ದೊಡ್ಡ ಸಿಸ್ಟರ್ ಸೋಮವಾರ ಖುದ್ದಾಗಿ ಕೆಳಗೆ ಬಂದರು. ಹೊಸಬಳು ಯಂತ್ರದ ಹತ್ತಿರ ಇದ್ದುದರಿಂದ ಅಕ್ಕನನ್ನು ಬಾಗಿಲಾಚೆ ಕರೆದರು.

"ಯಂತ್ರ ಸರಿಯಾಗೇ ಇದೆಯಂತೆ. ಅಂದ್ರೆ ತಪ್ಪಾಗಿರೋದು ಕೈಯಿಂದ. ಶುಕ್ರವಾರದೊಳಗೆ ಯಾರ ಕೈ ಅಂತ ನನಗೆ ಗೊತ್ತಾಗ್ಬೇಕು. ಗೊತ್ತಾದ ದಿನಾನೇ ಅವರನ್ನ ಮನೆಗೆ ಕಳಿಸ್ತೀನಿ."

ಆ ಕೋಣೆಯಲ್ಲಿದ್ದದ್ದು ಎರಡೇ ಜೊತೆ ಕೈ. ಅದರಲ್ಲೊಂದು ಜೊತೆ ಹದ್ದಕ್ಕನದು. ಇನ್ನು ಲೆಕ್ಕ ಹಾಕಲು ಏನಿದೆ?

ಅವತ್ತಿನಿಂದ ಅವಳು ಮೈಯೆಲ್ಲ ಕಣ್ಣಾಗಿ ಕಾಯತೊಡಗಿದಳು. ಹುಡುಕುವವರಿಗೆ ಸಿಗದೇ ಇರುತ್ತದೆಯೇ? ಅಕ್ಕ ಎದುರಿಗಿರುವಾಗ ಹೊಸಬಳು ಟ್ರೇ ಸುತ್ತುವುದೇ ಇಲ್ಲ. ಬಟ್ಟೆ ಮಡಚುತ್ತಾಳೆ, ಕಪಾಟು ಒರೆಸುತ್ತಾಳೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾಳೆ. ಅಕ್ಕ ಊಟಕ್ಕೆಂದು ಹೊಸ್ತಿಲು ದಾಟಿದಳೋ ಇಲ್ಲವೋ, ಕೈ ಚುರುಕಾಗುತ್ತದೆ. ಮಂಗಳವಾರ ಮರೆತ ಚಮಚಕ್ಕಾಗಿ ವಾಪಸು ಬಂದಾಗ, ಹೊಸಬಳು ಏನನ್ನೋ ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು, ಅದು ಠಣ್ ಎಂದಿತು. ಮುಖ ಬಿಳಿಚಿಕೊಂಡಿತ್ತು.

"ಏನದು?"

"ಏನಿಲ್ಲಕ್ಕ, ಕರ್ಚೀಫು."

ಕರ್ಚೀಫು ಠಣ್ ಅನ್ನುತ್ತದೆಯೇ? ಆದರೆ ಅಕ್ಕ ಆಗ ಕೇಳಲಿಲ್ಲ. ಬುಧವಾರ ಬೆಳಿಗ್ಗೆ ಬಂದು ನೋಡಿದರೆ ತೊಟ್ಟಿಯ ಪಕ್ಕದ ಸಣ್ಣ ಬ್ರಷ್ಷು ಒದ್ದೆ! ಹಿಂದಿನ ಸಂಜೆ ಅದನ್ನು ಒರೆಸಿ, ತಲೆ ಮೇಲೆ ಮಾಡಿ ಒಣಗಲು ಇಟ್ಟವಳು ತಾನೇ. ತೊಳೆಯುವ ಕೆಲಸ ತನ್ನದಾಗಿರುವಾಗ ಇವಳಿಗೇಕೆ ಬ್ರಷ್ಷು? ಹದ್ದಕ್ಕನಿಗೆ ಮೈ ಉರಿದುಹೋಯಿತು.

ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಎಲ್ಲ ಒಪ್ಪಿಸಿದಳು. ಅವನು ಗಡಿಯಾರ ರಿಪೇರಿಯವನು. ದಿನವಿಡೀ ಒಂದು ಕಣ್ಣಿಗೆ ಕಪ್ಪು ಲೆನ್ಸು ಸಿಗಿಸಿಕೊಂಡು ಬಗ್ಗಿ ಕೂತಿರುತ್ತಿದ್ದ, ಮನೆಗೆ ಬಂದಮೇಲೂ ಆ ಕಣ್ಣಿನ ಸುತ್ತ ಉಂಗುರದಂತೆ ಗುರುತು ಉಳಿದಿರುತ್ತಿತ್ತು.

"ಕದ್ದು ಮಾರ್ತಾಳೆ ಅಂತೀಯಾ? ಚಿಮಟ ತಗೊಂಡು ಯಾರು ಏನ್ಮಾಡ್ತಾರೆ?"

"ಮಾರ್ತಾಳೋ, ಎಸೀತಾಳೋ, ನನಗೇನ್ ಗೊತ್ತು? ಮೂರು ಜನಕ್ಕೆ ಕೀವು ಆಗಿದೆ. ನಾಳೆ ಅವಳು ಬಾಯಿ ತೆಗೆಯೋ ಮೊದಲೇ ನಾನು ಹಿಡೀಬೇಕು. ಇಲ್ದಿದ್ರೆ ನನ್ನ ತಲೆ ಮೇಲೇ ಗೂಬೆ ಕೂರಿಸ್ತಾಳೆ."

ಗಂಡ ಅನ್ನ ಕಲಸುತ್ತ ಕೇಳಿದ. "ಅಲ್ಲಿ ಲೆನ್ಸು ಇರೋ ದೀಪ ಒಂದಿದೆ ಅಂದಿದ್ದೆಯಲ್ಲ, ಅದ್ರಲ್ಲಿ ನೋಡ್ತೀಯೇನೇ?"

"ಅದು ನಿಮ್ಮಂಥ ಕುರುಡರಿಗೆ. ನನ್ನ ಕಣ್ಣಿಗೇನು ಧಾಡಿ?"

"ಹೋದ ವಾರ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದು ಯಾರು ಮತ್ತೆ?"

"ಕೈಯಲ್ಲಿ ಎಣ್ಣೆ ಆಗಿತ್ತು" ಎಂದು ಹದ್ದಕ್ಕ ತಟ್ಟೆ ಎತ್ತಿಕೊಂಡು ಎದ್ದಳು. ಮಾತು ಅಲ್ಲಿಗೆ ಮುಗಿಯಿತು.

ಗುರುವಾರ ಬೆಳಿಗ್ಗೆ ಅವಳು ಬಲೆ ಹಾಕಿದಳು. ಸುತ್ತುವವರು ಸುತ್ತುವ ಮುಂಚೆ ಪ್ರತಿಯೊಂದನ್ನೂ ಇನ್ನೊಮ್ಮೆ ನೋಡಬೇಕು, ಅದು ಆ ಕೋಣೆಯ ನಿಯಮ. ಇವಳು ನೋಡುವುದಿಲ್ಲವೆಂದು ಅಕ್ಕನಿಗೆ ಖಾತ್ರಿ. ಹಾಗಾಗಿ ಮೊದಲ ಆಪರೇಷನ್ನಿನಿಂದ ಬಂದ ಚಿಮಟಗಳಲ್ಲಿ ಒಂದನ್ನು ತೊಳೆಯದೆ ಎತ್ತಿಟ್ಟಳು. ರಕ್ತನಾಳ ಬಿಗಿಹಿಡಿಯುವ ಚಿಮಟ ಅದು. ಅದರ ಎರಡು ಕಾಲುಗಳು ಸೇರುವ ಕೀಲಿನಲ್ಲೇ ರಕ್ತ ಅವಿತುಕೊಳ್ಳುವುದು, ಅದರಡಿಗೆ ಯಂತ್ರದ ಆವಿಯೂ ತಲುಪುವುದಿಲ್ಲ. ಅಲ್ಲಿ ರಕ್ತ ಒಣಗಲು ಬಿಟ್ಟು, ಮೇಲೆಲ್ಲ ಒರೆಸಿ ಹೊಳಪು ಬರಿಸಿ, ಏಳು ಚೊಕ್ಕ ಚಿಮಟಗಳ ನಡುವೆ ಎಂಟನೆಯದಾಗಿ ಜೋಡಿಸಿದಳು. ಹೊಸಬಳು ಕಣ್ಣುಮುಚ್ಚಿ ಸುತ್ತಲಿ. ಯಂತ್ರದ ಬಾಗಿಲು ಹಾಕುವ ಮೊದಲೇ ಗಂಟನ್ನು ಹಿಡಿದು ದೊಡ್ಡ ಸಿಸ್ಟರ್ ಎದುರೇ ಬಿಚ್ಚಿಸಿದರಾಯಿತು. ಯಾವ ರೋಗಿಯ ಮೈಗೂ ಅದು ತಾಗುವುದಿಲ್ಲ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಬೇಕೆಂದೇ ಕೊಳೆ ಬಿಟ್ಟದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಹೋದಂತೆ ಮಾಡಿ, ನೇರ ಮೇಲೆ ಹೋಗಿ ದೊಡ್ಡ ಸಿಸ್ಟರನ್ನು ಕರೆದುಕೊಂಡು ಬಂದಳು. ಹೊಸಬಳು ಆಗತಾನೇ ಟ್ರೇ ಸುತ್ತಿ ಟೇಪ್ ಅಂಟಿಸಿದ್ದಳು. ಟೇಪಿನ ಗೆರೆಗಳು ಇನ್ನೂ ಬಿಳಿ. ಆವಿ ತಾಗಿದ ಮೇಲೆ ಅವು ಕಪ್ಪಾಗುವುದು.

"ಬಿಚ್ಚಿ ಸಿಸ್ಟರ್, ನೀವೇ ನೋಡಿ. ಎಂಟನೇ ಚಿಮಟ" ಎಂದಳು ಹದ್ದಕ್ಕ.

ದೊಡ್ಡ ಸಿಸ್ಟರ್ ಗಂಟು ಬಿಚ್ಚಿ, ಎಂಟನೆಯದನ್ನೆತ್ತಿ, ಬಾಯಿ ಬಿಡಿಸಿ, ಗೋಡೆಗೆ ಅಂಟಿದ ಲೆನ್ಸಿನ ದೀಪವನ್ನು ಹತ್ತಿರಕ್ಕೆಳೆದು ನೋಡಿದರು. ಏಳನೆಯದನ್ನೂ ನೋಡಿದರು. ಕೊನೆಗೆ ಎಂಟನ್ನೂ ಒಂದೊಂದಾಗಿ ನೋಡಿದರು.

"ಚೊಕ್ಕವಾಗಿದೆಯಲ್ಲ?"

ಹದ್ದಕ್ಕ ಟ್ರೇಯ ಮೇಲೆ ಬಗ್ಗಿದಳು. ಎಂಟೂ ಇವೆ, ಆದರೆ ತಾನಿಟ್ಟದ್ದಿಲ್ಲ! ಬಿಡಿ ಸಾಮಾನಿನ ಡ್ರಾಯರ್ ಅರ್ಧ ತೆರೆದಿದ್ದದ್ದು ಕಣ್ಣಿಗೆ ಬಿತ್ತು.

"ಬದಲಾಯಿಸಿದ್ದಾಳೆ! ಜೇಬು ನೋಡಿ ಸಿಸ್ಟರ್, ಇವಳ ಜೇಬು ನೋಡಿ!"

ಯಾರೂ ಕೈ ಹಾಕಬೇಕಾಗಲಿಲ್ಲ. ಹೊಸಬಳು ತಾನಾಗಿಯೇ ಜೇಬಿನಿಂದ ಬಟ್ಟೆಯ ಪುಟ್ಟ ಸುರುಳಿಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಚಿಮಟ ಠಣ್ ಎಂದಿತು. ದೊಡ್ಡ ಸಿಸ್ಟರ್ ಕೀಲನ್ನು ಲೆನ್ಸಿನ ಕೆಳಗೆ ಹಿಡಿದು ಮುಖ ಸಿಂಡರಿಸಿದರು.

"ರಕ್ತ. ಇದನ್ನ ತೊಳೆದಿದ್ದು ಯಾರು?"

ಹೊಸಬಳು ಒಮ್ಮೆ ಹದ್ದಕ್ಕನ ಕಡೆ ನೋಡಿ ತಲೆ ತಗ್ಗಿಸಿದಳು. "ನಾನೇ ಸಿಸ್ಟರ್. ಅಕ್ಕನಿಗೆ ಕೆಲಸ ಜಾಸ್ತಿ ಇತ್ತು, ಇವತ್ತು ನಾನು ತೊಳೆದೆ. ಸರಿಯಾಗಿ ಉಜ್ಜಿಲ್ಲ. ಆಮೇಲೆ ಭಯ ಆಗಿ ಬಚ್ಚಿಟ್ಕೊಂಡೆ."

"ಹಾಗಾದ್ರೆ ಶುಕ್ರವಾರದವರೆಗೂ ಕಾಯೋದು ಬೇಡ" ಎಂದರು ದೊಡ್ಡ ಸಿಸ್ಟರ್. "ಏಪ್ರನ್ ಬಿಚ್ಚಿಟ್ಟು ಮೇಲೆ ಬಾ."

ಹೊಸಬಳು ಏಪ್ರನ್ನಿನ ಗಂಟಿಗೆ ಕೈಹಾಕಿದಳು. ಗಂಟು ಬಿಗಿದುಕೊಂಡಿತ್ತು, ಬಿಚ್ಚಲಾಗಲಿಲ್ಲ. ಹದ್ದಕ್ಕ ಗೆದ್ದಿದ್ದಳು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ನಾಳೆಯಿಂದ ಕೋಣೆಯೂ ಹೆಸರೂ ಮೊದಲಿನಂತೆ ಅವಳವೇ. ಆದರೆ ಈ ಹೆಂಗಸು ಸುಳ್ಳು ಹೇಳಿದ್ದೇಕೆ? ಕಳ್ಳರು ತಮ್ಮನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಾರೆ. ಇವಳ ಸುಳ್ಳು ಉಳಿಸುತ್ತಿದ್ದದ್ದು ತನ್ನನ್ನು. ಹದ್ದಕ್ಕನಿಗೆ ನಾಚಿಕೆಯಾಯಿತು, ಬೆವರು ಕಿತ್ತುಕೊಂಡು ಬರುವಷ್ಟು ನಾಚಿಕೆ.

"ಅವಳಲ್ಲ ಸಿಸ್ಟರ್" ಎಂದಳು. "ಅದನ್ನ ಹಂಗೆ ಇಟ್ಟಿದ್ದು ನಾನು. ಬೇಕಂತಾನೇ. ಇವಳು ನೋಡ್ತಾಳೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ."

ದೊಡ್ಡ ಸಿಸ್ಟರ್ ಬೆರಗಾಗಿ ಅವಳನ್ನೇ ನೋಡಿದರು. ಆದರೆ ಹದ್ದಕ್ಕ ನೋಡುತ್ತಿದ್ದದ್ದು ಹೊಸಬಳನ್ನು. ಸಿಟ್ಟು ಬರಲಿ, ಬೈಯಲಿ, ಕಾರಣ ಇದೆ ಎಂದುಕೊಂಡಳು. ಹೊಸಬಳ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಹಗುರಾದಂತೆ, ಏನೋ ಆಸೆ ಹುಟ್ಟಿದಂತೆ ಕಣ್ಣರಳಿಸಿದಳು.

"ಹೌದಾ ಅಕ್ಕ? ಬೇಕಂತ ಇಟ್ಟಿದ್ದಾ?" ಎಂದಳು ಮೆಲ್ಲಗೆ. "ಹಂಗಾದ್ರೆ ಮೊದಲಿನ ನಾಲ್ಕೂ ಪರೀಕ್ಷೆನೇನಾ?"

ದೊಡ್ಡ ಸಿಸ್ಟರ್ ಕೈಯಲ್ಲಿದ್ದ ಚಿಮಟವನ್ನು ಮೇಜಿನ ಮೇಲಿಟ್ಟರು.

"ಯಾವ ನಾಲ್ಕು?" ಎಂದರು ದೊಡ್ಡ ಸಿಸ್ಟರ್.

ಹೊಸಬಳಿಗೆ ಆಗ ಅರ್ಥವಾಯಿತು. ಬಾಯಿ ಮುಚ್ಚಿಕೊಂಡಳು. ದೊಡ್ಡ ಸಿಸ್ಟರ್ ಮತ್ತೆ ಕೇಳಿದ ಮೇಲೆ ನೆಲ ನೋಡುತ್ತ ಹೇಳಿದಳು: "ಮೂರನೇ ಪೇಷಂಟಿಗೆ ಕೀವು ಆದ್ಮೇಲೆ ನಾನು ಎಲ್ಲಾ ಲೆನ್ಸಲ್ಲಿ ನೋಡೋಕೆ ಶುರು ಮಾಡಿದೆ. ಸಿಕ್ಕಿದ್ನ ಅಕ್ಕ ಹೋದ್ಮೇಲೆ ತೊಳೆದು ಇಡ್ತಿದ್ದೆ. ಅಕ್ಕನಿಗೆ ಹೇಳೋಕೆ ಮನಸ್ಸು ಬರ್ಲಿಲ್ಲ. ಇಷ್ಟು ವರ್ಷದ ಕೈ ಅದು."

ಅವಳು ಹಾಗೆ ನೋಡತೊಡಗಿದ ಮೇಲೆ ಯಾವ ರೋಗಿಗೂ ಕೀವಾಗಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಹದ್ದಕ್ಕ ತೊಟ್ಟಿಯತ್ತ ತಿರುಗಿದಳು. ಅದರ ಪಕ್ಕದಲ್ಲಿ ಇನ್ನೊಂದು ಟ್ರೇ ಇತ್ತು, ಬೆಳಿಗ್ಗೆ ಅವಳೇ ಮನಸ್ಸಿಟ್ಟು ತೊಳೆದು, ನೋಡಿ, ಸರಿ ಎಂದದ್ದು. ಅದನ್ನು ಎತ್ತಿ ತಂದು ಮೇಜಿನ ಮೇಲಿಟ್ಟಳು. ಇಷ್ಟು ವರ್ಷ ಕೈಯಿಂದ ಮುಟ್ಟದ ಲೆನ್ಸಿನ ದೀಪವನ್ನು ಎಳೆದುಕೊಂಡು ಸ್ವಿಚ್ಚು ಒತ್ತಿದಳು. ಮೊದಲನೆಯದರ ಬಾಯಿ ಬಿಡಿಸಿ ನೋಡಿದಳು, ಪಕ್ಕಕ್ಕಿಟ್ಟಳು. ಎರಡನೆಯದನ್ನು ನೋಡಿದಳು, ಪಕ್ಕಕ್ಕಿಟ್ಟಳು. ಮೂರನೆಯದರ ಕೀಲಿನಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಇತ್ತು. ದೀಪದಿಂದ ಆಚೆ ತೆಗೆದಳು, ಗೆರೆ ಇಲ್ಲ. ದೀಪದ ಕೆಳಗೆ ಹಿಡಿದಳು, ಇದೆ. ಮತ್ತೊಮ್ಮೆ ಹಾಗೇ ಮಾಡಿದಳು.

ಆಮೇಲೆ ಅದನ್ನು ಹೊಸಬಳ ಅಂಗೈಯಲ್ಲಿಟ್ಟು, "ಐದು" ಎಂದಳು.