ಜೇಕಿನ ಸುದ್ದಿ

ಹಿತ್ತಿಲಿನಲ್ಲಿ ಗುದ್ದಲಿಯ ಸದ್ದು ಕೇಳಿದ್ದೇ ತೃಪ್ತಿ ಕೊಡಪಾನವನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಓಡಿದಳು. ಮಾವ ಚೆನ್ನಪ್ಪನವರ ಶವವನ್ನು ಮೀಯಿಸಲು ನೀರು ಸೇದುತ್ತಿದ್ದವಳು ಅವಳು. ಮನೆಯ ಹಿಂದೆ, ಹೊಸತಾಗಿ ಹಾಕಿಸಿದ ಕೆಂಪು ಮಣ್ಣಿನ ಮೇಲೆ ನಾಲ್ಕು ಮಂದಿ ನಿಂತು ಚಿತೆಗೆ ಅಳತೆ ಹಿಡಿಯುತ್ತಿದ್ದರು.

ಇಲ್ಲಿ ಬೇಡ ಎಂದಳು. ಯಾಕೆ ಎಂದು ಗಂಡ ಧನರಾಜ್ ಕೇಳಲಿಲ್ಲ. ಕಾರಣ ಅವನಿಗೂ ಗೊತ್ತಿತ್ತು. ಆದರೆ ಮಳೆ ಬಿಟ್ಟು ಎರಡೇ ದಿನ, ಜಾಗದಲ್ಲಿ ಗಟ್ಟಿ ನೆಲವೆಂದು ಉಳಿದದ್ದು ಅದೊಂದೇ. ಚಿತೆಗೆ ಸುತ್ತು ಬರಲು ಎಲ್ಲರೂ ಹಿಂದೆ ಬರಲೇಬೇಕು. ಗಂಡನ ಅಕ್ಕ ಪಂಕಜಾಕ್ಷಿ ಮುಳ್ಳೇರಿಯದಿಂದ ಆಗಲೇ ಹೊರಟಾಗಿತ್ತು. ಅಪ್ಪ ನೆಟ್ಟು ಬೆಳೆಸಿದ್ದ ಜೇಕು ಹುಲ್ಲನ್ನು ಅವಳು ಹುಡುಕದೆ ಬಿಡುವವಳಲ್ಲ.

*

ಮಂಗಲ್ಪಾಡಿಯ ಆ ಹನ್ನೆರಡು ಸೆಂಟ್ಸ್ ಜಾಗದ ಹಿಂಭಾಗ ಮೊದಲಿನಿಂದಲೂ ಕೆಸರು. ಬಾಳೆ ಕೊಳೆಯುತ್ತಿತ್ತು, ತೆಂಗಿನ ಸಸಿ ಹಳದಿಯಾಗುತ್ತಿತ್ತು. ಉಪ್ಪಳದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಚೆನ್ನಪ್ಪ ಒಂದು ಮಳೆಗಾಲದಲ್ಲಿ ಗದ್ದೆಯ ತೋಡಿನಿಂದ ಜೇಕಿನ ನಾಲ್ಕು ಬುಡ ಕಿತ್ತು ತಂದು ಅಲ್ಲಿ ಊರಿದರು. ಮೂರು ಮೂಲೆಯ ದಂಟು, ಎದೆಯೆತ್ತರ ಬೆಳೆಯುವಂಥದು. ಎರಡು ವರ್ಷದಲ್ಲಿ ಕೆಸರೆಲ್ಲ ಹಸಿರಾಯಿತು. ಅಂಗಡಿಗೆ ರಜೆ ಇದ್ದ ದಿನ ಅದನ್ನು ಕೊಯ್ದು, ಸೀಳಿ, ಒಣಗಿಸಿ ಚಾಪೆ ಹೆಣೆಯುತ್ತಿದ್ದರು. ಸುತ್ತಲಿನ ಮನೆಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಮಗುಚಿಕೊಂಡದ್ದು ಅವರ ಚಾಪೆಯ ಮೇಲೆ.

ಈ ಏಪ್ರಿಲಿನಲ್ಲಿ ಅವರು ಆಸ್ಪತ್ರೆ ಸೇರಿದರು. ಅದೇ ವಾರ, ತೃಪ್ತಿಯ ನಾಲ್ಕು ವರ್ಷದ ಮಗಳು ಅಶ್ಮಿತಾ ಚೆಂಡು ಹುಡುಕುತ್ತ ಜೇಕಿನೊಳಗೆ ನುಗ್ಗಿದಾಗ ಅವಳ ಕಾಲ ಬಳಿ ಹಾವು ಹರಿಯಿತು. ಮಗುವನ್ನು ಎತ್ತಿಕೊಂಡ ತೃಪ್ತಿ ಸಂಜೆಯವರೆಗೂ ಕೆಳಗೆ ಬಿಡಲಿಲ್ಲ. ಮರುದಿನ ಜೇಕಿನ ಮೇಲೆ ಎರಡು ಟಿಪ್ಪರ್ ಮಣ್ಣು ಹಾಕಿಸಿದಳು. ಮಾವ ತಿರುಗಿ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳೂ ಹಾಗೆಯೇ ಎಣಿಸಿದ್ದಳು.

ಮಾವ ತಿರುಗಿ ಬಂದರು. ಎದ್ದು ನಡೆಯಲು ಆಗುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಮಲಗಿ ಮೊದಲು ಕೇಳಿದ್ದು, "ಜೇಕಿನ ಸುದ್ದಿ ಎಂತ?"

"ಚೆನ್ನಾಗಿ ಉಂಟು ಮಾವ," ಎಂದುಬಿಟ್ಟಳು.

ಅಲ್ಲಿಂದ ದಿನವೂ ಗಂಜಿ ಕುಡಿಸುವಾಗ ಸುದ್ದಿ ಹೇಳಬೇಕಾಯಿತು. ಸುಳ್ಳು ಸಿಕ್ಕಿಬೀಳಬಾರದೆಂದು ಅವರನ್ನೇ ಕೇಳಿ ಕಲಿತಳು. ಬುಡ ಒಡೆಯುವಾಗ ಎರಡು ಮೂರು ಮೊಳಕೆ ಒಟ್ಟಿಗೆ ಇರಬೇಕು. ಗೇಣು ಬಿಟ್ಟು ಊರಬೇಕು. ನೀರು ಪಾದ ಮುಳುಗುವಷ್ಟು ಸಾಕು, ಎಳೆಯ ಬುಡ ಪೂರ್ತಿ ಮುಳುಗಿದರೆ ಕೊಳೆಯುತ್ತದೆ. ಹೂವು ಕಂದು ಬಣ್ಣಕ್ಕೆ ತಿರುಗುವ ಮೊದಲೇ ಕೊಯ್ಯಬೇಕು. ಆಷಾಢದಲ್ಲಿ ಹೂ ಬಿಟ್ಟಿದೆ ಎಂದಾಗ ಮಾವ ಕಣ್ಣು ಮುಚ್ಚಿ ನಕ್ಕರು. ಅವಳು ಅಡುಗೆ ಕೋಣೆಗೆ ಹೋಗಿ ಅತ್ತಳು.

*

ಪಂಕಜಾಕ್ಷಿ ಬಂದವಳು ಅಪ್ಪನ ಪಾದ ಹಿಡಿದು ಅತ್ತು, ಕಣ್ಣೊರೆಸಿಕೊಂಡು ನೇರ ಹಿತ್ತಿಲಿಗೆ ನಡೆದಳು. ತೃಪ್ತಿ ಹಿಂದೆಯೇ ಹೋದಳು.

"ಅಪ್ಪನ ಜೇಕು ಎಲ್ಲಿ ತೃಪ್ತಿ?"

"ನಾನೇ ಮಣ್ಣು ಹಾಕಿಸಿದ್ದು ಅತ್ತಿಗೆ. ಏಪ್ರಿಲಿನಲ್ಲಿ. ಮಾವನಿಗೆ ಸುಳ್ಳು ಹೇಳ್ತಾ ಇದ್ದೆ."

ಸೌದೆ ಜೋಡಿಸುತ್ತಿದ್ದವರ ಕೈ ನಿಂತಿತು. ಅವರ ನಡುವಿನಿಂದ ಪಕ್ಕದ ಮನೆಯ ಕುಂಞ, ಚೆನ್ನಪ್ಪನ ಓರಗೆಯ ಗೆಳೆಯ, ಮೆಲ್ಲಗೆ ಎದ್ದು ಬಂದ.

"ಅವನಿಗೆ ಗೊತ್ತಿತ್ತು ಮಗಳೇ," ಎಂದ.

ತೃಪ್ತಿ ಅವನ ಮುಖ ನೋಡಿದಳು.

"ಮೊದಲ ಮಳೆಗೇ ಗೊತ್ತಾಯಿತು. ಹಿತ್ತಿಲಲ್ಲಿ ಕಪ್ಪೆ ಕೂಗುವುದಿಲ್ಲ ಮಾರಾಯ, ಜೇಕು ಹೋಗಿದೆ ಅಂದ. ಹಾವಿನ ವಿಷಯ ನಾನು ಹೇಳಿದೆ. ಮಗು ಉಳಿಯಿತಲ್ಲ, ಅಷ್ಟು ಸಾಕು ಅಂದ."

"ಮತ್ತೆ ದಿನಾ ಯಾಕೆ ಕೇಳ್ತಿದ್ದರು?" ತೃಪ್ತಿ ಕೇಳಿದಳು.

"ನಾನೂ ಅದನ್ನೇ ಕೇಳಿದೆ. ಅವಳು ಹೇಳುವಾಗ ಜೇಕು ನಾನು ಬೆಳೆಸಿದ್ದಕ್ಕಿಂತ ಚೆನ್ನಾಗಿ ಬೆಳೀತದೆ, ಕೇಳ್ಲಿಕ್ಕೆ ಖುಷಿಯಾಗ್ತದೆ ಅಂದ." ಕುಂಞ ಹೆಗಲ ಬೈರಾಸಿನಿಂದ ಮೂಗು ಒರೆಸಿಕೊಂಡ. ಚೆನ್ನಪ್ಪ ಹಿಂದೆ ಕೊಟ್ಟಿದ್ದ ಹತ್ತು ಬುಡ ತನ್ನ ತೋಡಿನ ಬದಿಯಲ್ಲಿ ಉಂಟೆಂದೂ ಬೇಕಾದಾಗ ಒಯ್ಯಬಹುದೆಂದೂ ಹೇಳಿದ.

ಪಂಕಜಾಕ್ಷಿ ಬಗ್ಗಿ ಕೆಂಪು ಮಣ್ಣನ್ನು ಮುಟ್ಟಿದಳು. ಆಮೇಲೆ, ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಅಪ್ಪ ಫೋನಿನಲ್ಲಿ ನನಗೂ ಹೇಳಿದ್ದರು. ಜೇಕು ಹೂ ಬಿಟ್ಟಿದೆ, ತೃಪ್ತಿ ನೋಡಿ ಬಂದಳು ಅಂತ."

ತೃಪ್ತಿಗೆ ಎದೆಯ ಮೇಲಿನಿಂದ ಏನೋ ಇಳಿದಂತಾಯಿತು. ಅವಳು ಅತ್ತಿಗೆಯ ತೋಳು ಹಿಡಿದು, ಐದು ತಿಂಗಳಲ್ಲಿ ಮೊದಲ ಸಲ, ಯಾರಿಂದಲೂ ಅಡಗಿಕೊಳ್ಳದೆ ಅತ್ತಳು.

ಮೂರು ಗಂಟೆಗೆ ಎಲ್ಲ ಮುಗಿಯಿತು. ಮಿಂದು ಬಂದವರಿಗೆ ನೆರೆಮನೆಯವರು ಗಂಜಿ, ಹುರುಳಿ ಚಟ್ನಿ ಬಡಿಸಿದರು. ತೃಪ್ತಿ ಎರಡು ಸಲ ಹಾಕಿಸಿಕೊಂಡು ಉಂಡಳು. ಜಗಲಿಯ ತುಂಬ ಮಾತು, ತಟ್ಟೆಗಳ ಸದ್ದು. ಅದರ ನಡುವೆ, ಒದ್ದೆ ಕೂದಲನ್ನು ಗೋಡೆಗೆ ಆನಿಸಿ, ಬಾಯಿ ತುಸು ತೆರೆದು, ಕೂತಲ್ಲೇ ಅವಳಿಗೆ ನಿದ್ದೆ ಹತ್ತಿಬಿಟ್ಟಿತ್ತು. ಪಂಕಜಾಕ್ಷಿ ಅವಳ ಬೆರಳುಗಳಿಂದ ತಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಮತ್ತೆ ಜಗಲಿಯ ಕಡೆ ತಿರುಗಿ ತುಟಿಗೆ ಬೆರಳಿಟ್ಟಳು.