ಶಂಭುಲಿಂಗಪ್ಪ ಸಾಸಿವೆಗೆ ಕೌದಿ ಹೊದಿಸಿದ್ದು

ಇದು ಹೋದ ವರ್ಷ ನಮ್ಮ ಕುಬಿಹಾಳದಲ್ಲಿ ನಡೆದದ್ದು, ಕಣ್ಣಾರೆ ಕಂಡದ್ದು. ಒಂದು ಮಾತು ಸುಳ್ಳಿದ್ದರೂ ನನ್ನ ಎಮ್ಮೆಯ ಕೆಚ್ಚಲಿನಿಂದ ನೀರು ಬರಲಿ. ಈಗಲೂ ಅರ್ಧ ನೀರೇ ಬರುತ್ತದೆ ಎನ್ನುವವರು ನನ್ನ ಗಿರಾಕಿಗಳು. ಅವರ ಮಾತು ಬಿಡಿ.

ಮಲ್ಲಕ್ಕನಿಗೆ ಗಂಡನಿಲ್ಲ, ನಾಲ್ಕು ಎಕರೆ ಎರೆಹೊಲವಿದೆ. ಬದುವಿನಾಚೆಯ ನಾಲ್ಕೆಕರೆ ಮೈದುನ ಶಂಭುಲಿಂಗಪ್ಪನದು. ಆ ಬದು ಅವನಿಗೆ ಕಣ್ಣೊಳಗಿನ ಕಸ. ಹಿಂಗಾರಿಗೆ ಇಬ್ಬರೂ ಮಂಜಿನ ದೇಶದ ವಿಲಾಯತಿ ಸಾಸಿವೆ ತಂದರು. ಅವನು ಪಂಥ ಕಟ್ಟಿದ.

"ವೈನಿ, ಯಾರ ಬೆಳಿ ಚಳಿಗಾಲ ದಾಟೂದಿಲ್ಲೋ ಅವರ ಹೊಲ ಇನ್ನೊಬ್ಬರಿಗೆ ಸೇರಬೇಕು. ಆತೇನು?"

"ಆತು. ಮಶಾಕಸಾಬ, ನೀನs ಸಾಕ್ಷಿ," ಎಂದಳು ಮಲ್ಲಕ್ಕ ನನಗೆ. ಚಹಾ ಕುಡಿಸಿದವರಿಗೆಲ್ಲ ನಾನು ಸಾಕ್ಷಿ.

ಸಾಸಿವೆ ಸಣ್ಣ ಕಾಳು. ಮುಷ್ಟಿ ಎಷ್ಟು ಬಿಗಿ ಹಿಡಿದರೂ ಬೆರಳಸಂದಿಯಿಂದ ಜಾರಿ ಕೂರಿಗೆಯ ಬಟ್ಟಲಿಗೆ ಸುರಿಯುತ್ತದೆ. ಅದಕ್ಕೇ ನಮ್ಮ ಕಡೆ ಕಾಳು ಒತ್ತೊತ್ತಾಗಿ ಬೀಳದಿರಲೆಂದು ಉಸುಕು ಬೆರೆಸಿ ಬಿತ್ತುತ್ತಾರೆ. ಮಲ್ಲಕ್ಕ ಹಾಗೇ ಮಾಡಿದಳು. ಶಂಭುಲಿಂಗಪ್ಪ ನಕ್ಕ.

"ಉಸುಕು ಬಿತ್ತಾಕ ನಾನೇನು ಬಡವ ಅದೀನೇನ್ರಿ? ಬರೇ ಕಾಳು ಸುರೀತೀನಿ. ಒಂದನ್ನೊಂದು ಅಪ್ಪಿಕೊಂಡು ಬೆಚ್ಚಗ ಇರ್ತಾವ!"

"ಮುಂಜಾನಿ ಬಸ್ಸಿನಾಗೂ ಬೆಚ್ಚಗ ಇರ್ತತಿ. ಕಾಲು ಊರಾಕ ಜಾಗಾ ಇರ್ತತೇನೋ?" ಎಂದಳು ಮಲ್ಲಕ್ಕ.

ಹುಟ್ಟಿದವು ನೋಡಿ! ಅವನ ಹೊಲದಲ್ಲಿ ಇರುವೆಯೂ ಅಡ್ಡಮೈಯಾಗಿ ನಡೆಯಬೇಕಾಯಿತು. ಬಿಸಿಲಿಗಾಗಿ ಸಸಿಗಳು ಒಂದರ ಹೆಗಲೇರಿ ಒಂದು ಕರೆಂಟಿನ ತಂತಿ ಮುಟ್ಟಿದವು. ಕಾಂಡ ಮಾತ್ರ ಶ್ಯಾವಿಗೆಯ ಎಳೆ. ಮಲ್ಲಕ್ಕನವು ಗೇಣಿಗೊಂದರಂತೆ ನೆಲಕ್ಕಂಟಿ ಕೂತಿದ್ದವು. ಕೆಳಗೆ ಬೇರು ನನ್ನ ಮುಂಗೈ ದಪ್ಪ.

"ವೈನಿ, ಇದು ಬೆಳೀನೋ, ರೊಟ್ಟಿ ಒಣ ಹಾಕೀರೋ?" ಎಂದು ಅವನು ಊರಿಗೆಲ್ಲ ಕೇಳುವಂತೆ ಕೂಗಿದ.

ಆಮೇಲೆ ಚಳಿ ಬಂತು. ಎಂಥ ಚಳಿ! ಬೆಳಿಗ್ಗೆ ಕೂಗಲು ಬಾಯಿ ತೆರೆದ ಹುಂಜ ಮಧ್ಯಾಹ್ನದವರೆಗೂ ಮುಚ್ಚಲಾಗದೆ ನಿಂತಿತ್ತು. ಶಂಭುಲಿಂಗಪ್ಪನ ಸಸಿಗಳು ಗಡಗಡ ನಡುಗಿದ ಸದ್ದಿಗೆ ಅಣ್ಣಿಗೇರಿಯ ಜನ ರೈಲು ಬಂತೆಂದು ಸ್ಟೇಷನ್ನಿಗೆ ಓಡಿದರು.

"ಕೌದಿ ಕೊಡ್ರೋ, ಕಂಬಳಿ ಕೊಡ್ರೋ, ನನ್ನ ಹೊಲ ಹೋಗ್ತತಿ!" ಎಂದು ಅವನು ಮನೆಮನೆ ತಿರುಗಿದ. ಊರು ಹೊದ್ದದ್ದನ್ನೆಲ್ಲ ಕೊಟ್ಟಿತು. ನನ್ನ ಹೆಂಡತಿ ಹಲೀಮಾಬಿ ಹೊಲಿದ ಹೊಸ ಕೌದಿಯನ್ನು ನಾನೂ ಕೊಟ್ಟೆ. ಏಣಿ ಹಾಕಿ ಹೊದಿಸಿದರು. ಭಾರಕ್ಕೆ ಮೊದಲ ಸಾಲು ಎರಡನೆಯದರ ಮೇಲೆ ಬಿತ್ತು, ಎರಡನೆಯದು ಮೂರನೆಯದರ ಮೇಲೆ. ನಾಲ್ಕೆಕರೆಯೂ ಕೌದಿ ಹೊದ್ದು ಮಲಗಿತು. ಮತ್ತೆ ಏಳಲಿಲ್ಲ. ಮಲ್ಲಕ್ಕನ ರೊಟ್ಟಿಗಳು ಬಿಸಿಲೇರಿದೊಡನೆ ಎದ್ದು ಹೂ ಬಿಟ್ಟವು.

ಶಂಭುಲಿಂಗಪ್ಪ ಬದುವಿನ ಮೇಲೆ ತಲೆ ತಗ್ಗಿಸಿ ನಿಂತ.

"ವೈನಿ, ಹೊಲ..."

"ಹೊಲ ನಿಂದs ಇರ್ಲಿ. ಆದ್ರ ಇನ್ನ ಮ್ಯಾಲೆ ಅಲ್ಲೂ ಕಾಳು ನಾ ಬಿಡ್ತೀನಿ. ನೀ ಎತ್ತಿನ ಹಿಂದ ಬಾಯಿ ಮುಚ್ಚಿಕೊಂಡು ನಡಿ."

"ಉಸುಕು?"

"ಅದನ್ನ ನೀನs ಹೊತ್ತು ತಾ."

ಅವರ ನ್ಯಾಯ ಮುಗಿಯಿತು. ನನ್ನ ಕೌದಿ ಮಾತ್ರ ಸಾಸಿವೆಯ ಜೊತೆ ಕೊಳೆಯಿತು, ಹಲೀಮಾಬಿ ನನ್ನನ್ನಿನ್ನೂ ಒಳಗೆ ಬಿಟ್ಟಿಲ್ಲ. ಈ ಮಾತು ನಂಬಿದ್ದರೆ, ನಿಮ್ಮ ಹೆಗಲ ಮೇಲಿನ ಶಾಲು ಇತ್ತ ಕೊಡಿ. ನಂಬದಿದ್ದರೆ, ಸುಳ್ಳೆಂದು ಗೊತ್ತಿದ್ದೂ ಕೊನೆತನಕ ಕೂತು ಕೇಳಿದ ತಪ್ಪಿಗೆ ಶಾಲಿನ ಜೊತೆ ಒಂದು ಚಹಾನೂ ಹೇಳಿ.