ಕೊಳವೆಯ ಬಾಯಿ

"ಚೀಲದ್ದಾ, ಬಟ್ಟೇದಾ, ಇಲ್ಲಾ ಎರಡೂ ಇಲ್ಲದ್ದಾ? ಅದೊಂದು ಹೇಳ್ಬುಡಿ ಸಾರ್, ಇವತ್ತೇ ಗೋಡೆಗೆ ಕೂರಿಸಿಬುಡ್ತೀನಿ," ಎಂದು ಧೂಳು ಎಳೆಯುವ ಮಿಷನ್ನು ಕೂರಿಸಲು ಬಂದಿದ್ದ ತೋಂಟದಾರ್ಯ ಮತ್ತೊಮ್ಮೆ ಕೇಳಿದ.

ರಂಗರಾಜುವಿನ ಒಂದು ಕಿವಿ ಮಾತ್ರ ಅವನ ಕಡೆಗಿತ್ತು. ಇನ್ನೊಂದು, ಮಲಗುವ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ರಾಧಾಮಣಿಯ ಕಡೆಗೆ. ಅವಳ ಉಸಿರು ಕೇಳಿಸಬೇಕಾದರೆ ಇವನು ತನ್ನ ಉಸಿರು ಬಿಗಿಹಿಡಿಯಬೇಕು. ಉಣ್ಣುವಾಗ, ಹಾಲು ಕರೆಯುವಾಗ, ಯಾರೊಂದಿಗೋ ಮಾತಾಡುವಾಗಲೂ ಹಾಗೆ ಉಸಿರು ಕಟ್ಟಿ ಕೂರುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ನೋಡಿದವರು ಕಾಯಿಲೆ ಇವನಿಗೇ ಅಂದುಕೊಳ್ಳಬೇಕು, ಹಾಗಿರುತ್ತಿತ್ತು ಮುಖ.

ಹೋದ ಆಷಾಢದಲ್ಲಿ ಅವಳಿಗೆ ಉಬ್ಬಸ ಹತ್ತಿ, ಹೊನ್ನವಳ್ಳಿ ದಾಟಿ ತಿಪಟೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. "ಪುಣ್ಯಕ್ಕೆ ಉಳಕೊಂಡಿದಾರೆ ಕಣ್ರೀ. ಮನೇಲಿ ಪೊರಕೆ ಆಡಿಸ್ಬೇಡಿ, ಹೊಗೆ ಹಾಕ್ಬೇಡಿ. ಇನ್ನೊಂದ್ಸಲ ಹಿಂಗಾದ್ರೆ ನಾನು ಮಾತು ಕೊಡಕ್ಕಾಗಲ್ಲ," ಎಂದಿದ್ದರು ಡಾಕ್ಟರು. ತೋಟದಲ್ಲಿ ನಾಗರಹಾವು ಕಂಡರೆ ಒಂದು ಕೋಲು ಹಿಡಿದು ಬೇಲಿಯಾಚೆ ದಾಟಿಸಿ ಬರುವ ಗಂಡಸು, ಅವತ್ತಿನಿಂದ ಹೆಂಡತಿ ಒಂದು ಸಲ ಕೆಮ್ಮಿದರೆ ಬೆವರುತ್ತಿದ್ದ.

ಅದಕ್ಕೇ ಈ ಮಿಷನ್ನು. ಯಂತ್ರ ಹಿತ್ತಲ ಗೋಡೆಯಲ್ಲಿ ಕೂತಿರುತ್ತದೆ. ಅಲ್ಲಿಂದ ಪ್ರತಿ ಕೋಣೆಗೂ ಗೋಡೆಯೊಳಗೇ ಪೈಪು. ಗೋಡೆಯ ತೂತಿಗೆ ಉದ್ದನೆಯ ಹೋಸು ಸಿಕ್ಕಿಸಿ ನೆಲದ ಮೇಲೆ ಆಡಿಸಿದರೆ ಸಾಕು, ಧೂಳೆಲ್ಲ ಅದರೊಳಕ್ಕೆ. ಆ ಧೂಳನ್ನು ಕೊನೆಗೆ ಹಿಡಿದಿಡುವುದು ಯಾವುದು ಎಂಬುದೇ ಈಗಿನ ಪ್ರಶ್ನೆ.

"ಚೀಲದ್ದಾದ್ರೆ?" ಎಂದು ಕೇಳಿದ ರಂಗರಾಜು.

"ಸಣ್ಣಾದೂ ದಪ್ಪಾದೂ ಎಲ್ಲಾ ಚೀಲದಲ್ಲೇ ಕೂರ್ತದೆ. ತುಂಬಿದ ಮೇಲೆ ಬಾಯಿ ಮುಚ್ಚಿ ಬಿಸಾಕಿ, ಹೊಸಾದು ಹಾಕೋದು."

"ಅಂದ್ರೆ, ಅಲ್ಲೀವರ್ಗೂ ಧೂಳು ಮನೇಲೇ ಇರ್ತದೆ."

"ಚೀಲದೊಳಗೆ ಸಾರ್."

ಒಳಗೋ ಹೊರಗೋ, ಮನೆಯಲ್ಲೇ ಇರುತ್ತದಲ್ಲ! ರಂಗರಾಜುವಿಗೆ ಅದು ಬೇಡವೆನಿಸಿತು. ಬಟ್ಟೆಯ ಫಿಲ್ಟರಾದರೆ ಆಗಾಗ ಕೊಡವಿ ತೊಳೆಯಬೇಕಂತೆ. ತಾನು ತೋಟಕ್ಕೆ ಹೋದ ಹೊತ್ತು ನೋಡಿ ಇವಳೇ ಕೊಡವಲು ನಿಲ್ಲುತ್ತಾಳೆ. ಅದೂ ಬೇಡ. ಮೂರನೆಯದರಲ್ಲಿ ಚೀಲವೂ ಇಲ್ಲ, ಬಟ್ಟೆಯೂ ಇಲ್ಲ. ಗಾಳಿ ಗಿರ್ರನೆ ಸುತ್ತಿ ದಪ್ಪ ಕಸ ಡ್ರಮ್ಮಿಗೆ ಬೀಳುತ್ತದೆ, ಸಣ್ಣ ಧೂಳು ಗಾಳಿಯ ಜೊತೆಗೇ ಕೊಳವೆಯಲ್ಲಿ ಮನೆಯಾಚೆ ಹೋಗುತ್ತದೆ.

"ಅದೇ ಹಾಕಪ್ಪ. ಧೂಳು ಮನೆ ಬುಟ್ಟು ಹೋಗ್ಬೇಕು."

"ಆಯ್ತು. ಕೊಳವೆ ಬಾಯಿ ಮಾತ್ರ ಯಾವತ್ತೂ ಹೊರಕ್ಕೇ ಇರ್ಬೇಕು," ಎಂದ ತೋಂಟದಾರ್ಯ, ಗೋಡೆ ಕೊರೆಯಲು ಎದ್ದ.

ರಾಧಾಮಣಿ ಬಾಗಿಲಿಗೆ ಬಂದು ನಿಂತು ನಕ್ಕಳು. "ನನ್ನೂ ಎಳ್ಕೊಂಡೋಗಿ ತೋಟಕ್ಕೆ ಬಿಸಾಕ್ತದೇನ್ರೀ ಇದು?" ರಂಗರಾಜುವಿಗೆ ನಗು ಬರಲಿಲ್ಲ. ಬಿಸಾಕುವ ಮಾತನ್ನು ಯಾಕಾದರೂ ಆಡಿದಳೋ ಎನಿಸಿತು.

ಮಿಷನ್ನು ಕೂತಿತು, ಪೊರಕೆ ಕೊಟ್ಟಿಗೆ ಸೇರಿತು. ಬೇಸಿಗೆಯೆಲ್ಲ ರಾಧಾಮಣಿ ಚೆನ್ನಾಗಿಯೇ ಇದ್ದಳು. ಆಮೇಲೆ ಜಡಿಮಳೆ ಹಿಡಿಯಿತು.

ಆ ಮನೆಯ ಮಲಗುವ ಕೋಣೆಯ ಮೇಲೆ ಕೊಬ್ಬರಿ ಅಟ್ಟ. ಅಡಿಕೆ ದಬ್ಬೆ ಹಾಸಿ, ಸಂದು ಬಿಟ್ಟು ಕಟ್ಟಿದ್ದು. ಇಳಿಸಿದ ಕಾಯಿ ಅದರ ಮೇಲೆ ವರ್ಷಗಟ್ಟಲೆ ಕೂತು, ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಮಳೆಗಾಲದಲ್ಲಿ ತಂಡಿ ಹಿಡಿಯದಂತೆ ಕೆಳಗೆ ತೆಂಗಿನ ಮಟ್ಟೆ ಉರಿಸಿ ಬೆಚ್ಚಗೆ ಹೊಗೆ ಕೊಡುವುದು ಅವರ ತಾತನ ಕಾಲದಿಂದ ಬಂದದ್ದು. ಹೆಂಡತಿಗಾಗಿ ರಂಗರಾಜು ಹೊಗೆ ನಿಲ್ಲಿಸಿದ್ದ.

"ಕೊಬ್ರಿ ಬೂಷ್ಟು ಬತ್ತಾ ಐತೆ ಕಣ್ಲಾ," ಎಂದಳು ತಾಯಿ ನಿಂಗಮ್ಮ, ಅಟ್ಟದ ಏಣಿ ಇಳಿಯುತ್ತ. "ಹೊಗೆ ಬ್ಯಾಡ ಅಂದ್ರೆ ಬ್ಯಾಡ, ನಾನೇನು ಸೊಸೆ ಜೀವ ತಗಿ ಅಂತೀನಾ? ಆದ್ರೆ ಹಿತ್ಲಾಗೆ ಆ ಕೊಳವೇಲಿ ಬಿಸಿಗಾಳಿ ದಂಡವಾಗಿ ಹೋಯ್ತದಲ್ಲ, ಅದುನ್ನಾದ್ರೂ ಮ್ಯಾಕೆ ತಿರುಗ್ಸು."

ರಂಗರಾಜು ಹಿತ್ತಲಿಗೆ ಹೋದ. ಮಿಷನ್ನು ಹಾಕಿ ಕೊಳವೆಯ ಬಾಯಿಗೆ ಅಂಗೈ ಹಿಡಿದ. ಹದವಾದ ಬಿಸಿ. ಬಹಳ ಹೊತ್ತು ಹಿಡಿದು, ಅಂಗೈಯನ್ನು ಬೆಳಕಿಗೆ ತಂದು ಹೊರಳಿಸಿ ನೋಡಿದ. ಒಂದು ಕಣ ಧೂಳಿಲ್ಲ. ಬಿಳಿ ಟವೆಲಿಗೆ ಒರೆಸಿದ, ಕಲೆಯಿಲ್ಲ. ಹೊಗೆಯಿಲ್ಲದ ಬಿಸಿಗಾಳಿ! ಕೊಬ್ಬರಿಯೂ ಉಳಿಯಿತು, ಅವಳೂ ಉಳಿದಳು ಎಂದು ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಬೋರ್‌ವೆಲ್ಲಿನ ಮನೆಯಲ್ಲಿ ಬಿದ್ದಿದ್ದ ಪೈಪಿನ ತುಂಡು ತಂದು, ತಿರುವಿಗೊಂದು ಬೆಂಡು ಜೋಡಿಸಿ, ಕೊಳವೆಯನ್ನು ಅಟ್ಟದೊಳಕ್ಕೆ ತಿರುಗಿಸಿದ. ತೋಂಟದಾರ್ಯನ ಮಾತು ನೆನಪಾಗಲಿಲ್ಲವೆಂದಲ್ಲ. ಆದರೆ ಅಂಗೈ ಸ್ವಚ್ಛವಾಗಿತ್ತಲ್ಲ.

ಅದೇ ವಾರ ರಾಧಾಮಣಿಗೆ ಕೆಮ್ಮು ತಿರುಗಿತು.

ಅವಳು ಕೆಮ್ಮಿದಷ್ಟೂ ಇವನು ಮಿಷನ್ನು ಹಾಕಿದ. ಬೆಳಿಗ್ಗೆ ಹಾಕಿದ, ಸಂಜೆ ಹಾಕಿದ, ಮಂಚದಡಿ, ಬೀರುವಿನ ಸಂದಿ, ಕಿಟಕಿಯ ಚೌಕಟ್ಟು, ಎಲ್ಲೆಲ್ಲೂ ಹೋಸು ತೂರಿಸಿದ. ಒಮ್ಮೆ ತೋಟದಿಂದ ಬಂದಾಗ ಅವಳು ಕೊಟ್ಟಿಗೆಯ ಕಟ್ಟೆಯ ಮೇಲೆ, ಕೋಣೆ ಬಿಟ್ಟು ಬಂದು, ಹಸುವಿನ ಪಕ್ಕ ಕೂತಿದ್ದಳು.

"ಇಲ್ಯಾಕೆ ಕೂತಿದ್ದೀಯೇ? ಹುಲ್ಲಿನ ಧೂಳು, ಗಂಜಳದ ವಾಸ್ನೆ! ನಡಿ ಒಳಕ್ಕೆ."

"ಇಲ್ಲೇ ಎದೆ ಹಗುರ ಅನ್ನುಸ್ತದೆ ಕಣ್ರೀ."

"ಹುಚ್ಚಾ ನಿಂಗೆ? ಬೆಳಿಗ್ಗೆ ತಾನೇ ಕ್ಲೀನ್ ಮಾಡೀವ್ನಿ ಕೋಣೇನ."

ಅವಳು ಹಸುವಿನ ಕುತ್ತಿಗೆ ಒಂದು ಸಲ ಸವರಿ, ಎದ್ದು ಒಳಗೆ ಹೋದಳು. ಗಂಡನ ಕಣ್ಣಲ್ಲಿದ್ದ ಭಯ ನೋಡಿದ ಮೇಲೆ ಅವಳಿಗೆ ಎದುರು ಮಾತಾಡಲು ಮನಸ್ಸು ಬರುತ್ತಿರಲಿಲ್ಲ.

ಮರುದಿನ ಮಳೆ ಬಿಟ್ಟು ಹೊಳವಾಯಿತು. ಡೈರಿಗೆ ಹಾಲು ಹಾಕಿ ಬಂದ ರಂಗರಾಜುವಿಗೆ ಬಾಗಿಲಲ್ಲೇ ಆ ಸದ್ದು ಕೇಳಿಸಿತು. ಉಸಿರು ಬಿಗಿಹಿಡಿಯುವ ಅಗತ್ಯವೇ ಇರಲಿಲ್ಲ. ಕುಯ್ಯ್, ಕುಯ್ಯ್ ಎಂದು ಅವಳ ಎದೆ ನಡುಮನೆಯವರೆಗೂ ಕೂಗುತ್ತಿತ್ತು. ರಾಧಾಮಣಿ ಮಂಚದ ಅಂಚಿಗೆ ಎರಡೂ ಕೈ ಊರಿ, ಭುಜ ಮೇಲೆತ್ತಿ ಕೂತಿದ್ದಳು. ಪಕ್ಕದಲ್ಲೇ ಬಾಯಿಗೆ ಊದಿಕೊಳ್ಳುವ ಪಂಪು. ಊದಿದ್ದರೂ ಹಿಡಿತ ಬಿಟ್ಟಿರಲಿಲ್ಲ.

ಡಾಕ್ಟರರ ಮಾತು ತಲೆಯಲ್ಲಿ ಗುಂಯ್ ಎಂದಿತು. ಧೂಳು, ಎಲ್ಲೋ ಧೂಳು ಉಳಿದಿದೆ! ಅವನು ಹೋಸು ಸಿಕ್ಕಿಸಿದ, ಸ್ವಿಚ್ಚು ಒತ್ತಿದ, ಅವಳ ಕಾಲಿನ ಸುತ್ತ ನೆಲವನ್ನು ಗಸಗಸ ಎಳೆದ. ಅವಳು ಕೈಯೆತ್ತಿ ಬೇಡವೆಂದು ಅಲ್ಲಾಡಿಸಿದಳು. ಅವನಿಗೆ ಅದು ಆ ಮೂಲೆ ಉಳಿಯಿತು ಎಂದಂತೆ ಕಂಡಿತು. ಮೂಲೆಗೆ ಓಡಿದ. ತಿರುಗಿ ನೋಡಿದರೆ ಅವಳ ತುಟಿಯ ಬಣ್ಣ ಹೋಗುತ್ತಿತ್ತು.

"ರಾಧಾ, ತಡ್ಕೊಳೇ, ಇನ್ನೊಂಚೂರು, ಕ್ಲೀನಾಗೋಯ್ತು..."

ಆಗ ಮೋಡ ಸರಿದು ಕಿಟಕಿಯಿಂದ ಬಿಸಿಲಿನ ಕೋಲು ಒಳಗೆ ಬಿತ್ತು. ಅದರೊಳಗೆ, ಕೈಗೆ ಹತ್ತದಷ್ಟು ಸಣ್ಣ ಧೂಳು ಇಳಿಯುತ್ತಿತ್ತು. ಅಟ್ಟದ ದಬ್ಬೆಯ ಪ್ರತಿ ಸಂದಿನಿಂದಲೂ, ಜರಡಿ ಹಿಡಿದು ಹಿಟ್ಟು ಆಡಿಸಿದಂತೆ, ಸಣ್ಣಗೆ, ಅವಳ ತಲೆಯ ಮೇಲೆ, ಹೆಗಲ ಮೇಲೆ, ತೆರೆದ ಬಾಯಿಯ ಮೇಲೆ ಇಳಿಯುತ್ತಿತ್ತು. ರಂಗರಾಜು ಸ್ವಿಚ್ಚು ಆರಿಸಿದ. ಸ್ವಲ್ಪ ಹೊತ್ತಿಗೆ ಬಿಸಿಲು ತಿಳಿಯಾಯಿತು.

"ಅಯ್ಯೋ ನನ್ನ ಕೈ ಸೇದೋಗ," ಎಂದವನೇ ಹೋಸು ಬಿಸಾಕಿ, ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿದ. ಎಲ್ಲಿಗೆಂದು ಯೋಚಿಸಲಿಲ್ಲ. ಕಾಲು ಕೊಟ್ಟಿಗೆಗೆ ಹೋದವು. ಕಟ್ಟೆಯ ಮೇಲೆ ಕೂರಿಸಿ, ಬೆನ್ನಿಗೆ ಎದೆ ಕೊಟ್ಟು, ಅವಳು ಮುಷ್ಟಿಯಲ್ಲಿ ಹಿಡಿದೇ ಬಂದಿದ್ದ ಪಂಪು ಊದಿಸಿದ. ನಿಂಗಮ್ಮ ಪಕ್ಕದ ಮನೆಯ ಕಾರಿಗೆ ಕೂಗಲು ಬೀದಿಗೆ ಓಡಿದಳು. ಇನ್ನೊಮ್ಮೆ ಊದಿಸಿದ. ದೇವರೇ, ಕಾಯಿ ಎಲ್ಲಾ ಕೊಳೀಲಿ, ತೋಟ ಒಣಗ್ಲಿ, ಇವಳೊಬ್ಬಳು ಇರ್ಲಿ ಎಂದು ಅವನು ಗಟ್ಟಿಯಾಗಿಯೇ ಅನ್ನುತ್ತಿದ್ದ.

ಕಾರು ಅಂಗಳಕ್ಕೆ ಬರುವಷ್ಟರಲ್ಲಿ ಎದೆಯ ಕೂಗು ಸಣ್ಣಗಾಗಿತ್ತು. ಆದರೂ ಆಸ್ಪತ್ರೆಗೆ ಹೋಗಿ, ಮೂಗಿಗೆ ಔಷಧಿಯ ಹೊಗೆ ಹಿಡಿಸಿ, ಸಂಜೆಗೆ ಕರೆದುಕೊಂಡು ಬಂದರು.

ಬಂದವನೇ ರಂಗರಾಜು ಏಣಿ ಹತ್ತಿ, ಜೋಡಿಸಿದ್ದ ಪೈಪನ್ನು ಬರಿಗೈಯಲ್ಲೇ ಕಿತ್ತು ಹಿತ್ತಲಿಗೆ ಎಸೆದ. ಆಮೇಲೆ ತೋಂಟದಾರ್ಯನಿಗೆ ಫೋನು ಮಾಡಿದ.

"ಚೀಲದ್ದೇ ತಂದು ಹಾಕಪ್ಪ."

"ಧೂಳು ಮನೇಲಿ ಇರ್ಬಾರ್ದು ಅಂದಿದ್ರಿ ಸಾರ್?"

"ಇರ್ಲಿ ಬುಡು. ಎಲ್ಲೈತೆ ಅಂತಾನಾದ್ರೂ ಗೊತ್ತಿರ್ತದೆ."

ರಾಧಾಮಣಿ ಕೊಟ್ಟಿಗೆಯ ಕಟ್ಟೆಯಲ್ಲೇ ಕೂತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕೂತ. ಒಳಕ್ಕೆ ನಡಿ ಎನ್ನಲಿಲ್ಲ.

"ಪೈಪು ನಾನೇ ತಿರುಗಿಸ್ದೆ ಕಣೇ," ಎಂದ. "ಮುಟ್ಟಿ ನೋಡಿದ್ದೆ. ಕೈಗೆ ಏನೂ ಹತ್ತಿರ್ಲಿಲ್ಲ."

ಅವಳು ಅವನ ಅಂಗೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಪೈಪು ಕೀಳುವಾಗ ಅದು ತರಚಿತ್ತು. ರಂಗರಾಜು ಕಿವಿ ಅವಳ ಕಡೆಗೆ ಕೊಟ್ಟ. ಕೆಚ್ಚಲಿಗೆ ಹಾಯುತ್ತಿದ್ದ ಕರುವಿನ ಸದ್ದು, ತೋಟದ ಗರಿಯಿಂದ ತೊಟ್ಟಿಕ್ಕುವ ನೀರಿನ ಸದ್ದು. ಅವುಗಳ ನಡುವೆ ಅವಳದನ್ನು ಹುಡುಕುತ್ತಿದ್ದ.

"ರೀ," ಎಂದಳು ರಾಧಾಮಣಿ. "ಉಸ್ರು ಬುಡ್ರೀ ಮೊದ್ಲು."

ಅವನು ಬಿಟ್ಟ. ಎದುರಿಗಿದ್ದ ಹಸು ಮೇವು ಮೆಲ್ಲುವುದನ್ನು ನಿಲ್ಲಿಸಿ, ಒಮ್ಮೆ ಇವನ ಕಡೆ ನೋಡಿ, ಮತ್ತೆ ಮೆಲ್ಲತೊಡಗಿತು.